ಸರ್ವರ್‌ಗೆ ತಾನಾಗೇ ಸಾಫ್ಟ್‌ವೇರ್ ಹೋಗದಂತೆ ತಡೆಯೋದು ಹೇಗೆ?

ಪ್ರಶ್ನೆ (ಕಲಬುರಗಿ): ಸರ್, ನಮಸ್ಕಾರ್ರೀ. ಒಂದು ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಎಲ್ಲ ಪಿಸಿಗೂ ಹೊಸ ಆಂಟಿವೈರಸ್ ಹೋಗಲಿ ಅಂತ ವೆಂಡರ್ ಕಡೆಯವರು ಗ್ರೂಪ್ ಪಾಲಿಸಿ (ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ಕೊಡೋ ನಿಯಮ) ಮಾಡಿ ಡೊಮೇನ್ ಮೇಲೇ, ಅಂದರೆ ಇಡೀ ನೆಟ್‌ವರ್ಕಿಗೇ ಲಿಂಕ್ ಮಾಡಿ ಹೋದರು. ಪಿಸಿಗಳಿಗೆಲ್ಲ ಹೋಯಿತು, ಸರ್ವರ್‌ಗಳಲ್ಲಿ ಏನೂ ಕಾಣಲಿಲ್ಲ. ಮೊನ್ನೆ ಕರೆಂಟ್ ಹೋಗಿ, ಯುಪಿಎಸ್ಸೂ ಕೈಕೊಟ್ಟು, ಸರ್ವರ್ ಮತ್ತೆ ಆನ್ ಆದಾಗ ಲ್ಯಾಬ್ ರಿಪೋರ್ಟಿನ ಡೇಟಾಬೇಸ್ ಶುರುವೇ ಆಗಲಿಲ್ಲ. ನೋಡಿದರೆ ಅಲ್ಲೂ ಆ ಆಂಟಿವೈರಸ್ ಕೂತಿದೆ. ಇಷ್ಟು ದಿನ ಇಲ್ಲದ್ದು ಅವತ್ತೇ ಹೇಗೆ ಬಂತು? ಮುಖ್ಯ ಸರ್ವರ್‌ಗಳನ್ನು ಪೂರ್ತಿ ಹೊರಗಿಡಬೇಕು, ದಾರಿ ಹೇಳಿ.

ಉತ್ತರ: ಮೊದಲು ಒಂದು ಮಾತು: ಈಗಲೇ ಹೊರಗಿಡೋಕೆ ಹೋಗಬೇಡಿ. ಆ ಪಾಲಿಸಿಯಲ್ಲಿ ಪ್ಯಾಕೇಜಿನ ಪ್ರಾಪರ್ಟೀಸ್ ತೆರೆದು ಡಿಪ್ಲಾಯ್‌ಮೆಂಟ್ ಟ್ಯಾಬ್ ನೋಡಿ. ಪಾಲಿಸಿಯ ವ್ಯಾಪ್ತಿಯಿಂದ ಆಚೆ ಹೋದರೆ ಅನ್‌ಇನ್‌ಸ್ಟಾಲ್ ಮಾಡು ಅನ್ನೋ ಟಿಕ್ ಇದ್ದರೆ, ನೀವು ಸರ್ವರ್ ಹೊರಗಿಟ್ಟ ಮೇಲೆ ಮುಂದಿನ ರೀಸ್ಟಾರ್ಟಿಗೆ ಅದು ತಾನಾಗೇ ಕಿತ್ತುಕೊಂಡು ಹೋಗುತ್ತದೆ. ಅದು ನಿಮಗೆ ಬೇಕಾ ಬೇಡವಾ, ಮೊದಲೇ ತೀರ್ಮಾನಿಸಿ.

ಅವತ್ತೇ ಬಂದದ್ದಕ್ಕೆ ಕಾರಣ ಇದೆ. ಕಂಪ್ಯೂಟರಿಗೆ ಅಸೈನ್ ಮಾಡಿದ ಸಾಫ್ಟ್‌ವೇರ್ ಬೂಟ್ ಆಗುವಾಗ ಮಾತ್ರ ಇನ್‌ಸ್ಟಾಲ್ ಆಗುತ್ತದೆ. 90 ನಿಮಿಷಕ್ಕೊಮ್ಮೆ ಪಾಲಿಸಿ ರಿಫ್ರೆಶ್ ಆಗುತ್ತದಲ್ಲ, ಆಗ ಆಗೋದಿಲ್ಲ. ಪಿಸಿ ದಿನಾ ಆಫ್ ಆಗುತ್ತವೆ, ಸರ್ವರ್ ತಿಂಗಳುಗಟ್ಟಲೆ ಆನ್ ಇರುತ್ತದೆ. ಹಾಗಾಗಿ ಪಾಲಿಸಿ ಕಾಯುತ್ತಾ ಕೂತಿತ್ತು, ಕರೆಂಟ್ ಹೋದದ್ದೇ ನೆಪ ಆಯಿತು.

ಈಗ ದಾರಿ. ಡೊಮೇನ್ ಮೇಲಿನ ಲಿಂಕ್ ತೆಗೆದು, ಪಿಸಿಗಳಿಗೆ ಬೇರೆ ಒಯು (ಡೊಮೇನಿನೊಳಗೆ ಯಂತ್ರಗಳನ್ನು ಗುಂಪು ಮಾಡಿಡೋ ಫೋಲ್ಡರ್ ಥರದ್ದು) ಮಾಡಿ, ಅದಕ್ಕೆ ಮಾತ್ರ ಲಿಂಕ್ ಕೊಡಿ. ಇವು ಬೇಡ ಅಂತ ಪಟ್ಟಿ ಮಾಡೋದಕ್ಕಿಂತ ಇವಕ್ಕೆ ಮಾತ್ರ ಹೋಗಲಿ ಅನ್ನೋದೇ ಸರಿ, ಯಾಕೆಂದರೆ ಆರು ತಿಂಗಳು ಬಿಟ್ಟು ಯಾರೋ ಹೊಸ ಸರ್ವರ್ ಸೇರಿಸಿದಾಗ ಆ ಬೇಡದ ಪಟ್ಟಿ ಯಾರಿಗೂ ನೆನಪಿರೋದಿಲ್ಲ. ಅದರ ಮೇಲೆ ಇನ್ನೊಂದು ಬೀಗ ಇರಲಿ: ಮುಖ್ಯ ಸರ್ವರ್‌ಗಳನ್ನು ಒಂದು ಸೆಕ್ಯುರಿಟಿ ಗ್ರೂಪಿಗೆ ಹಾಕಿ, ಆ ಪಾಲಿಸಿಯ ಅನುಮತಿ ಪಟ್ಟಿಯಲ್ಲಿ ಆ ಗ್ರೂಪಿಗೆ ಅಪ್ಲೈ ಗ್ರೂಪ್ ಪಾಲಿಸಿ ಎದುರು ಡೆನಿ (ಬೇಡ) ಕೊಡಿ. ಬೇರೆಲ್ಲೋ ಅಲೋ ಇದ್ದರೂ ಡೆನಿಯೇ ಗೆಲ್ಲುತ್ತದೆ. ಆದರೆ ಅಥೆಂಟಿಕೇಟೆಡ್ ಯೂಸರ್ಸ್ (ಡೊಮೇನಿಗೆ ಲಾಗಿನ್ ಆದ ಎಲ್ಲ ಯೂಸರ್, ಯಂತ್ರಗಳು) ಗುಂಪಿನ ರೀಡ್ ಅನುಮತಿ ಕೀಳಬೇಡಿ, ವಿಂಡೋಸ್‌ನ 2016ರ ಜೂನ್ ಅಪ್‌ಡೇಟ್ ಆದಮೇಲೆ ಅದನ್ನು ತೆಗೆದು ಪಾಲಿಸಿಗಳೇ ಓಡದೆ ತಲೆಕೆಡಿಸಿಕೊಂಡವರು ಜಾಸ್ತಿ. ಮತ್ತೆ, ಗ್ರೂಪಿಗೆ ಸೇರಿದ್ದು ಸರ್ವರ್‌ಗೆ ಗೊತ್ತಾಗೋದು ಸಾಮಾನ್ಯವಾಗಿ ರೀಸ್ಟಾರ್ಟ್ ಆದಮೇಲೆ. ಆಮೇಲೆ ಜಿಪಿರಿಸಲ್ಟ್ (ಯಂತ್ರಕ್ಕೆ ಯಾವ ಪಾಲಿಸಿ ತಗುಲಿದೆ ಅಂತ ತೋರಿಸೋ ಕಮಾಂಡ್) ಓಡಿಸಿ, ಆ ಪಾಲಿಸಿ ಅನ್ವಯ ಆಗಿಲ್ಲ ಅಂತ ಕಣ್ಣಾರೆ ನೋಡಿ.

ಪ್ರಶ್ನೆ (ಬೀದರ್): ಅಣ್ಣಾ, ನಮ್ಮಲ್ಲಿ ಒಯು ಏನೂ ಬೇರೆ ಮಾಡಿಲ್ಲ. ಡಬ್ಲ್ಯೂಎಂಐ ಫಿಲ್ಟರ್ (ಯಂತ್ರ ಎಂಥದ್ದು ಅಂತ ನೋಡಿ ಪಾಲಿಸಿ ಬಿಡೋ ಜರಡಿ) ಹಾಕಿದರೆ ಸಾಕಲ್ವಾ?

ಉತ್ತರ: ಸದ್ಯಕ್ಕೆ ಹಾಕಿ, ಪ್ರಾಡಕ್ಟ್‌ಟೈಪ್ 1 ಇದ್ದವಕ್ಕೆ ಮಾತ್ರ ಅಂತ. 1 ಅಂದರೆ ಪಿಸಿ, 2 ಡೊಮೇನ್ ಕಂಟ್ರೋಲರ್ (ಲಾಗಿನ್, ಪಾಲಿಸಿ ನೋಡಿಕೊಳ್ಳೋ ಸರ್ವರ್), 3 ಉಳಿದ ಸರ್ವರ್. ತೊಂದರೆ ಎಲ್ಲಿ ಅಂದರೆ, ನಮ್ಮ ಕಡೆ ದಾಲ್ ಮಿಲ್‌ಗಳಲ್ಲಿ, ಅಂಗಡಿಗಳಲ್ಲಿ ಟ್ಯಾಲಿ ಡೇಟಾ ಮಾಮೂಲಿ ವಿಂಡೋಸ್ 10 ಪಿಸಿಯಲ್ಲೇ ಇಟ್ಟು ಅದನ್ನೇ ಸರ್ವರ್ ಅಂತಾರೆ. ಫಿಲ್ಟರಿಗೆ ಅದೂ 1. ಅಂಥವನ್ನು ನೀವೇ ಹುಡುಕಿ ಡೆನಿ ಗ್ರೂಪಿಗೆ ಹಾಕಬೇಕು.

ಪ್ರಶ್ನೆ (ಯಾದಗಿರಿ): ಸರ್, ಹೊರಗಿಟ್ಟ ಸರ್ವರ್‌ಗೆ ಅಪ್‌ಡೇಟ್ ಬೇಡವೇ ಬೇಡವಾ?

ಉತ್ತರ: ಬೇಕೇ ಬೇಕು ಮೇಡಂ, ಕೈಯಿಂದ ಮಾಡಬೇಕು ಅಷ್ಟೇ. ಡೇಟಾಕ್ಕೆ ಬೀಗ ಹಾಕಿ ಹಣ ಕೇಳೋ ವಾನಾಕ್ರೈ 2017ರ ಮೇನಲ್ಲಿ ಬ್ರಿಟನ್‌ನ ಆಸ್ಪತ್ರೆಗಳನ್ನೂ ಹಿಡಿದಾಗ ಅದರ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. 2024ರ ಜುಲೈ 19ಕ್ಕೆ ಉಲ್ಟಾ ಆಯಿತು, ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಕಂಪನಿಯ ಒಂದು ಅಪ್‌ಡೇಟ್ ತಾನಾಗೇ ಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರ ಕೆಡವಿತು. ಅದಕ್ಕೇ ಮೊದಲು ನಾಲ್ಕು ಪಿಸಿಗೆ ಹಾಕಿ ಒಂದು ವಾರ ನೋಡಿ, ಆಮೇಲೆ ಓಪಿಡಿ ಇಲ್ಲದ ಭಾನುವಾರ ಬ್ಯಾಕಪ್ ತೆಗೆದು, ಲ್ಯಾಬಿನವರಿಗೆ ಫೋನ್ ಮಾಡಿ ಹೇಳಿ, ಒಂದೊಂದೇ ಸರ್ವರ್‌ಗೆ ಹಾಕಿ. ಡೊಮೇನ್ ಕಂಟ್ರೋಲರ್ ಎರಡಿದ್ದರೆ ಎರಡನ್ನೂ ಒಂದೇ ದಿನ ಮುಟ್ಟಬೇಡಿ.