ಕ್ವಾಂಟಮ್ ಕೀಲಿಕೈ ಪರೀಕ್ಷೆ: ‘ನಷ್ಟ’ವೋ ‘ಸೋರಿಕೆ’ಯೋ?

ಪ್ರಶ್ನೆ: ದಾವಣಗೆರೆಯ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗಾಗಿ ಕ್ವಾಂಟಮ್ ಕೀಲಿಕೈ ವಿತರಣೆಯ (ಬೆಳಕಿನ ಒಂಟಿ ಕಣಗಳನ್ನು, ಅಂದರೆ ಫೋಟಾನುಗಳನ್ನು ಕಳಿಸಿ ಎರಡು ತುದಿಯವರು ಗುಟ್ಟಿನ ಬಿಟ್ಟುಗಳ ಸಾಲನ್ನು ಹಂಚಿಕೊಳ್ಳುವ ವಿಧಾನ) ಪರೀಕ್ಷಾಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಫೈಬರಿನಲ್ಲಿ ಬೆಳಕು ಕುಂದುವುದನ್ನು ಕರಡಿನಲ್ಲಿ ‘ಸೋರಿಕೆ’ ಎಂದಿದ್ದೇವೆ. ಸರಿಯೇ? ‘ಕೀಲಿ’ ಎಂದಷ್ಟೇ ಬರೆದರೆ ಸಾಲದೇ?

ಉತ್ತರ: ಕೀಲಿಕೈ ಎಂದೇ ಇರಲಿ. ನಮ್ಮ ಕಡೆ ‘ಕೀಲಿ ಹಾಕಿ ಬಾ’ ಅಂದರೆ ಬೀಗವೇ.

‘ಸೋರಿಕೆ’ಯನ್ನು ಮಾತ್ರ ಅಲ್ಲಿಂದ ತೆಗೆಯಲೇಬೇಕು. ಈ ಪರೀಕ್ಷೆಯಲ್ಲಿ ಆ ಪದ ಸಲ್ಲುವುದು ಕದ್ದಾಲಿಸುವವರಿಗೆ ದಕ್ಕಿರಬಹುದಾದ ಮಾಹಿತಿಗೆ. ದಾರಿಯಲ್ಲೇ ಕಳೆದುಹೋದ ಫೋಟಾನಿನಿಂದ ಕೀಲಿಕೈಯ ಬಿಟ್ಟೇ ಹುಟ್ಟುವುದಿಲ್ಲ. ವೇಗ ತಗ್ಗುತ್ತದೆ, ಗುಟ್ಟು ಕೆಡುವುದಿಲ್ಲ. ಅದು ‘ನಷ್ಟ’. (ಲೇಸರಿನ ಒಂದೇ ಪಲ್ಸಿನಲ್ಲಿ ಎರಡು ಫೋಟಾನು ಹೊರಟರೆ, ಒಂದನ್ನು ಕದ್ದಿಟ್ಟುಕೊಳ್ಳುವ ಅಪಾಯವುಂಟು. ಅದನ್ನು ಹಿಡಿಯಲೆಂದೇ ನಡುನಡುವೆ ಬೇರೆ ಬೇರೆ ತೀವ್ರತೆಯ ಹುಸಿ ಪಲ್ಸುಗಳನ್ನು ಬೆರೆಸುವುದು.)

1550 ನ್ಯಾನೋಮೀಟರಿನಲ್ಲಿ ಸಿಂಗಲ್ ಮೋಡ್ ಫೈಬರಿನ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್. ದಾವಣಗೆರೆಯಿಂದ ಚಿತ್ರದುರ್ಗಕ್ಕೆ 60 ಕಿ.ಮೀ. ಫೈಬರ್ ಎಂದು ಹಿಡಿದರೆ 12 ಡೆಸಿಬೆಲ್, ಅಂದರೆ ಹದಿನಾರಕ್ಕೆ ಒಂದು ಫೋಟಾನು ಉಳಿದೀತು. ಸ್ಪ್ಲೈಸು (ಫೈಬರಿನ ಬೆಸುಗೆ), ಕನೆಕ್ಟರಿನ ದೂಳಿನಿಂದಾಗುವ ನಷ್ಟ ಬೇರೆ. ಓಟಿಡಿಆರ್‌ನಿಂದ (ಫೈಬರಿಗೆ ಪಲ್ಸು ಬಿಟ್ಟು, ಮರಳುವ ಬೆಳಕಿನಿಂದ ನಷ್ಟ ತಿಳಿಸುವ ಸಾಧನ) ಅಳೆಯುವಾಗ ಆಚೆ ತುದಿಯ ಡಿಟೆಕ್ಟರನ್ನು ಮೊದಲು ಬಿಚ್ಚಿಡಿ. ಒಂಟಿ ಫೋಟಾನು ಎಣಿಸುವ ಸಾಧನ ಅಷ್ಟು ಬಲವಾದ ಪಲ್ಸನ್ನು ತಾಳದು.

‘ತಪ್ಪಿನ ಪ್ರಮಾಣ’, ಅಂದರೆ ಎರಡು ತುದಿಗಳಲ್ಲಿ ತಾಳೆಯಾಗದ ಬಿಟ್ಟುಗಳ ಪಾಲು, ನಷ್ಟ, ಸೋರಿಕೆ ಎರಡಕ್ಕಿಂತಲೂ ಬೇರೆ. ಬೆನೆಟ್ ಮತ್ತು ಬ್ರಸಾರ್ಡ್ 1984ರಲ್ಲಿ ಕೊಟ್ಟ ಬಿಬಿ84 ಕ್ರಮದಲ್ಲಿ ಎರಡೂ ತುದಿಯವರು ತಾವು ಬಳಸಿದ ಆಧಾರಗಳನ್ನು (ಫೋಟಾನನ್ನು ಸಿದ್ಧಪಡಿಸಲು, ಅಳೆಯಲು ಆರಿಸಿದ ದಿಕ್ಕುಗಳ ಜೋಡಿ) ಹೋಲಿಸಿ, ಹೊಂದದವನ್ನು ಬಿಟ್ಟಾಗ ಸರಿಸುಮಾರು ಅರ್ಧ ಉಳಿಯುತ್ತದೆ. ಇದಕ್ಕೆ ‘ಜರಡಿ ಹಿಡಿದ ಕೀಲಿಕೈ’ ಚೆನ್ನಾಗಿ ಒಪ್ಪುತ್ತದೆ. ಅದರ ಒಂದು ಪಾಲನ್ನು ಬಹಿರಂಗವಾಗಿ ಹೋಲಿಸಿ, ತಪ್ಪೆಣಿಸಿ, ಆ ಬಿಟ್ಟುಗಳನ್ನು ಎಸೆಯಬೇಕು. ಎಲ್ಲ ಫೋಟಾನುಗಳನ್ನೂ ತಡೆದು, ಅಳೆದು, ಮತ್ತೆ ಕಳಿಸುವವರಿದ್ದರೆ ತಪ್ಪು 25%ಕ್ಕೆ ಏರುತ್ತದೆ. ಸುಮಾರು 11% ದಾಟಿದರೇ ಕೀಲಿಕೈ ಕೈಬಿಡುವುದು.

ತಪ್ಪು ಏರಿತೆಂದರೆ ಕಳ್ಳರೇ ಇದ್ದಾರೆಂದಲ್ಲ. ಕಂಬದ ಮೇಲಿನ ಕೇಬಲ್ ಗಾಳಿಗೆ ತೂಗಿ, ಬಿಸಿಲಿಗೆ ಕಾದು ಧ್ರುವೀಕರಣ (ಬೆಳಕಿನ ಕಂಪನದ ದಿಕ್ಕು) ತಿರುಗಿದರೂ ತಪ್ಪು ಬರುತ್ತದೆ. ದೂರ ಹೆಚ್ಚಿದಂತೆ ಫೋಟಾನು ಕಡಿಮೆಯಾದರೂ ಡಿಟೆಕ್ಟರಿನ ಕತ್ತಲೆ ಎಣಿಕೆ (ಫೋಟಾನು ಬಾರದೆಯೂ ಆಗುವ ಹುಸಿ ಎಣಿಕೆ) ಅಷ್ಟೇ ಇರುತ್ತದೆ. ಹಾಗಾಗಿ ನಷ್ಟವೇ ತಪ್ಪಿನ ಪ್ರಮಾಣವನ್ನು ಏರಿಸುತ್ತದೆ. ಆದರೂ ಲೆಕ್ಕದಲ್ಲಿ ಪ್ರತಿ ತಪ್ಪನ್ನೂ ಕದ್ದಾಲಿಕೆ ಎಂದೇ ಹಿಡಿಯಬೇಕು.

ನಿಮ್ಮ ಪಟ್ಟಿಯಲ್ಲಿ ನಷ್ಟ, ತಪ್ಪು ‘ಅಳೆದದ್ದು’ ಎಂಬ ಕಲಮಿಗೆ ಬರಲಿ. ಸೋರಿಕೆಯನ್ನು ಯಾವ ಉಪಕರಣವೂ ಅಳೆಯದು. ತಪ್ಪಿನ ಪ್ರಮಾಣದಿಂದ, ತಪ್ಪು ತಿದ್ದುವಾಗ ಬಯಲಾದ ಬಿಟ್ಟುಗಳಿಂದ ಅದರ ಗರಿಷ್ಠ ಮಿತಿ ಕಟ್ಟಿ, ಕೀಲಿಕೈಯನ್ನು ಅಷ್ಟು ಕುಗ್ಗಿಸುತ್ತಾರೆ. ಅದು ‘ಲೆಕ್ಕ ಹಾಕಿದ್ದು’ ಎಂಬ ಕಲಮಿಗೆ.