ಇಎಂಜಿ ನೋಡಿ ನರದ ಆಪರೇಷನ್ ಮಾಡಿಸಿದವರು ಇದ್ದೀರಾ?

ಮುಳ್ಳೇರಿಯ: ನನ್ನ ತಮ್ಮ ಅಡಿಕೆ ಮರದಿಂದ ಬಿದ್ದು ಮೂರು ತಿಂಗಳಾಯ್ತು. ಹೊರಗೆ ಗಾಯ ಇಲ್ಲ, ಭುಜದ ನರ ಎಳೆದದ್ದು. ಮೊಣಕೈ ಮಡಚಲು ಆಗುತ್ತಿಲ್ಲ. ಎರಡನೇ ಇಎಂಜಿ (ಸ್ನಾಯುವಿಗೆ ಸೂಜಿ ಚುಚ್ಚಿ ಸಿಗ್ನಲ್ ನೋಡುವ ಟೆಸ್ಟ್) ನೋಡಿ ಆಪರೇಷನ್ ತೀರ್ಮಾನಿಸೋಣ ಅಂದಿದ್ದಾರೆ. ಅನುಭವ ಹೇಳಿ.

ಬದಿಯಡ್ಕ: ನನ್ನದು ಬೈಕ್ ಅಪಘಾತ. ಬಿದ್ದ ಮೂರನೇ ದಿನವೇ ಎನ್‌ಸಿವಿ, ಅಂದರೆ ನರದಲ್ಲಿ ಕರೆಂಟು ಹೋಗ್ತದಾ ನೋಡುವ ಟೆಸ್ಟ್, ಮಾಡಿಸಿದರು. ಕರೆಂಟು ಸರಿಯಾಗಿ ಹೋಗ್ತಾ ಉಂಟು ಅಂತ ರಿಪೋರ್ಟ್. ಮನೆಯವರಿಗೆಲ್ಲ ಖುಷಿ. ತುಂಡಾದ ನರದ ಕೆಳಭಾಗ ಕೂಡ ಮೊದಲ ಕೆಲವು ದಿನ ಕರೆಂಟು ಒಯ್ಯುತ್ತದೆ ಅಂತ ಯಾರೂ ಹೇಳಲಿಲ್ಲ ಮಾರಾಯ್ರೇ. ಮೂರು ವಾರ ಕಳೆದು ಸೂಜಿ ಚುಚ್ಚಿ ನೋಡಿದಾಗಲೇ ನಿಜ ಗೊತ್ತಾದದ್ದು. ಮೊದಲ ಟೆಸ್ಟಿಗೆ 3,200, ಕಾರಿಗೆ 1,800, ಸುಮ್ನೆ ಹೋಯ್ತು. ಆಮೇಲೆ ಅದೇ ಕೈಯ ಅಲ್ನಾರ್ ನರದ (ಕಿರುಬೆರಳಿನ ಕಡೆಗೆ ಹೋಗುವ ನರ) ಒಂದು ಎಳೆ ತೆಗೆದು ಮೊಣಕೈ ಮಡಚುವ ಬೈಸೆಪ್ಸ್ ಸ್ನಾಯುವಿನ ನರಕ್ಕೆ ಜೋಡಿಸಿದರು. ಈಗ ಚಾ ಲೋಟ ಬಾಯಿವರೆಗೆ ಬರುತ್ತದೆ, ಚೆಲ್ಲದೆ.

ಮಂಜೇಶ್ವರ: ಯಜಮಾನ್ರಿಗೆ ತೋಳಿನ ಮೂಳೆ ಮುರಿದು ಮಣಿಗಂಟು ಜೋತು ಬಿದ್ದಿತ್ತು. ಎಲ್ಲರೂ ಆಪರೇಷನ್ ಅಂದರು. ನಾವು ಕಾದೆವು. ಕೈಯಲ್ಲಿ ಏನೂ ಅಲುಗಾಡದಿದ್ದರೂ ಇಎಂಜಿಯಲ್ಲಿ ಸಣ್ಣ ಸಣ್ಣ ಹೊಸ ಸಿಗ್ನಲ್ ಬಂತು, ನರ ಮತ್ತೆ ಸ್ನಾಯುವಿಗೆ ತಲುಪುತ್ತಿರುವ ಗುರುತು ಅದು. ಆಮೇಲೆ ಬೆರಳು ತಾನಾಗಿ ಎದ್ದವು. ಖರ್ಚಾದದ್ದು ಟೆಸ್ಟು, ಫಿಸಿಯೋ, 1,100ರ ಸ್ಪ್ಲಿಂಟ್ ಮಾತ್ರ. ಅವಸರ ಮಾಡಬೇಡಿ.

ಪೆರ್ಲ: ಅಕ್ಕಾ, ಎಲ್ಲರಿಗೂ ಕಾಯಿರಿ ಅನ್ನಬೇಡಿ. ನಿಮ್ಮದು ಮಣಿಗಂಟು ಎತ್ತುವ ರೇಡಿಯಲ್ ನರ, ಮೂಳೆ ಮುರಿದಾಗ ಕೆಟ್ಟದ್ದು ಹೆಚ್ಚಾಗಿ ತಾನೇ ಸರಿಯಾಗುತ್ತದೆ. ಭುಜದ್ದು ಹಾಗಲ್ಲ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಒಂದು, ಒಂದೂವರೆ ವರ್ಷದೊಳಗೆ ನರ ತಲುಪದಿದ್ದರೆ ಸ್ನಾಯು ಮತ್ತೆ ಏಳುವುದಿಲ್ಲ. ನನ್ನ ಅಣ್ಣನಿಗೆ ಕೈ ಪೂರ್ತಿ ಮರಗಟ್ಟಿತ್ತು, ಆದರೆ ಎನ್‌ಸಿವಿಯಲ್ಲಿ ಸೆನ್ಸರಿ (ಸ್ಪರ್ಶದ ನರದ) ರೀಡಿಂಗ್ ನಾರ್ಮಲ್. ಒಳ್ಳೇದು ಅಂದುಕೊಂಡೆವು. ನರದ ಬೇರು ಬೆನ್ನುಹುರಿಯಿಂದಲೇ ಕಿತ್ತು ಬಂದಾಗ ಹಾಗೆ ಬರುತ್ತದಂತೆ, ಅದು ತಾನಾಗಿ ಸರಿಯಾಗುವುದಲ್ಲ. ಮರುಪರೀಕ್ಷೆ 2020ರ ಮಾರ್ಚ್ ಕೊನೆಗೆ ಮಂಗಳೂರಲ್ಲಿ ಇತ್ತು. ಲಾಕ್‌ಡೌನ್ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದರು, ಹೋಗಲು ಆಗಲಿಲ್ಲ. ಕೈ ಈಗಲೂ ಜೋತಾಡ್ತಾ ಉಂಟು.

ಮಂಜೇಶ್ವರ: ಅದು ಲಾಕ್‌ಡೌನ್ ಮಾಡಿದ ಅನ್ಯಾಯ. ಕಾಯುವುದರ ತಪ್ಪು ಅಲ್ಲ.

ಪೆರ್ಲ: ಕೈ ಹೋದದ್ದು ನಮ್ಮ ಮನೆಯಲ್ಲಿ ಅಕ್ಕಾ. ಲೆಕ್ಕ ನೀವು ಹೇಳಬೇಡಿ.

ಉಪ್ಪಳ: ಕತ್ತಿ ತಾಗಿ ಕಡಿದ ಗಾಯಕ್ಕೆ ಇಎಂಜಿಗೆ ಕಾಯಲೇಬಾರದು, ಇದನ್ನೂ ಬರೆದಿಡಿ. ನನಗೆ ಮೂರೇ ದಿನದಲ್ಲಿ ನರ ಜೋಡಿಸಿದರು. 65,000 ಅಂದಿದ್ದರು, ಬಿಲ್ಲು 92,400. ಮೈಕ್ರೋಸ್ಕೋಪಿನ ಚಾರ್ಜು ಬೇರೆ! ಅಷ್ಟಕ್ಕೂ ಎಲ್ಲರೂ ಮಂಗಳೂರಿಗೇ ಯಾಕೆ ಓಡ್ತೀರಿ? ಕೋಯಿಕ್ಕೋಡಿಗೆ ಹೋಗಬಹುದಲ್ವಾ?

ಬದಿಯಡ್ಕ: ಕೋಯಿಕ್ಕೋಡಲ್ಲಿ ರಿಪೋರ್ಟ್ ಮಲಯಾಳದಲ್ಲಿ ವಿವರಿಸಿದರೆ ನನ್ನ ಅಮ್ಮನಿಗೆ ಏನು ಗೊತ್ತಾಗಬೇಕು? ರೂಮು ಬಾಡಿಗೆ ನೀವು ಕೊಡ್ತೀರಾ?