ಅಪ್‌ಡೇಟ್: ಬೀಫ್ ಚೀಸ್ ಡಿಪ್ ಈ ಸಲ ಒಡೆಯಲಿಲ್ಲ

ಹೋದ ವಾರ ಕೇಳಿದ್ದೆನಲ್ಲ, ಚಿಪ್ಸ್ ಅದ್ದಿ ತಿನ್ನುವ ಬೀಫ್ ಡಿಪ್‌ನಲ್ಲಿ ಚೀಸ್ ಒಡೆದು ತರಿತರಿಯಾಗಿ ಮೇಲೆ ಎಣ್ಣೆ ತೇಲುತ್ತದೆ ಅಂತ? ಶನಿವಾರ ಡಲ್ಲಾಸ್‌ನ ನಮ್ಮ ಮನೆ ಪಾರ್ಟಿಗೆ ನೀವು ಕೊಟ್ಟ ಸಲಹೆ ಹಿಡಿದು ಮತ್ತೆ ಮಾಡಿದೆ.

ಹಾಲು ಜಾಸ್ತಿ ಹಾಕುವ ಉಪಾಯ ಫಲಿಸಲಿಲ್ಲ, ಸುಮ್ನೆ ನೀರಾಯಿತು. ಗೆದ್ದಿದ್ದು ಕಾರ್ನ್‌ಫ್ಲೋರ್ ಸಲಹೆ. ಚೆಡ್ಡರ್ ಚೀಸಿನ ಗಟ್ಟಿ ತಂದು ನಾನೇ ತುರಿದೆ, ಕಾಲು ಕೆಜಿಗೆ ಒಂದು ಚಮಚ ಕಾರ್ನ್‌ಫ್ಲೋರ್ ಸವರಿದೆ. ಖೀಮಾ ಹುರಿದು ಕೊಬ್ಬು ಬಸಿದರೆ ಅರ್ಧ ಕಪ್ ಬಂತು! ಎಣ್ಣೆಯ ಅರ್ಧ ಕಥೆ ಅಲ್ಲೇ ಇತ್ತು. ಆಮೇಲೆ ಎವಾಪೊರೇಟೆಡ್ ಮಿಲ್ಕ್ (ನೀರಿನಂಶ ಇಂಗಿಸಿದ, ಸಕ್ಕರೆಯಿಲ್ಲದ ಡಬ್ಬಿ ಹಾಲು) ಬಿಸಿ ಮಾಡಿ, ಉರಿ ತೀರಾ ಸಣ್ಣಗಿಟ್ಟು, ಚೀಸ್ ಹಿಡಿಹಿಡಿಯಾಗಿ ಬೆರೆಸಿದೆ.

ನನಗೆ ಗೊತ್ತಿರದಿದ್ದ ಸಂಗತಿ: ಪ್ಯಾಕೆಟ್‌ನಲ್ಲಿ ಸಿಗುವ ಚೀಸ್ ತುರಿ ಒಂದಕ್ಕೊಂದು ಅಂಟದಿರಲಿ ಅಂತ ಪುಡಿ ಸವರಿರುತ್ತಾರೆ, ಅದಕ್ಕೇ ನುಣ್ಣಗೆ ಕರಗುವುದಿಲ್ಲ.

ಸ್ಲೋ ಕುಕ್ಕರ್‌ನಲ್ಲಿ (ಸಣ್ಣ ಶಾಖದ ಕರೆಂಟ್ ಪಾತ್ರೆ) ಎರಡು ಗಂಟೆ ಬೆಚ್ಚಗಿಟ್ಟರೂ ಒಡೆಯಲಿಲ್ಲ. ಚಿಪ್ಸ್ ಮೊದಲೇ ಖಾಲಿ, ಕೊನೆಗೆ ಚಪಾತಿಯಲ್ಲಿ ಪಾತ್ರೆ ಒರೆಸಿ ತಿಂದೆವು.